ಒಳಪುಟದ ದೇವರು

ನಿಜಾಮರ ಕಾಲದ ಹೈದರಾಬಾದಿನ ಉರ್ದು ಪತ್ರಿಕೆಯನ್ನು ಕೈಗೆತ್ತಿಕೊಂಡರೆ ಮೊದಲು ನೋಡಬೇಕಾದದ್ದು ತಾರೀಖು. ಹಿಜರಿ, ಫಸಲಿ, ಈಸವಿ ಮೂರೂ ಒಂದೇ ಸಾಲಿನಲ್ಲಿ ಇರುತ್ತಿದ್ದವು. ಹಬ್ಬಕ್ಕೆ ಹಿಜರಿ ಬೇಕು. ಸರ್ಕಾರಿ ಪಗಾರ, ಕಂದಾಯ, ಕೋರ್ಟು ಕಚೇರಿಗೆ ಫಸಲಿ. ಕಲಬುರಗಿ ಕಡೆಯ ವಾಡಿ ರೈಲು ಜಂಕ್ಷನ್ನಿನ ಆಚೆಗಿನ ಲೋಕದೊಂದಿಗೆ ಪತ್ರವ್ಯವಹಾರ ಮಾಡುವವರಿಗೆ ಈಸವಿ. ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜೂರ್ ತಿಂಗಳಿಂದ ಶುರುವಾಗಿ ಆಬಾನ್‌ಗೆ ಮುಗಿಯುತ್ತಿತ್ತು. ಆ ಹೆಸರುಗಳೆಲ್ಲ ಪಾರಸಿ. ನಮ್ಮಪ್ಪ ಕೊನೆಯವರೆಗೂ ತನ್ನ ನೌಕರಿ ಸೇರಿದ ದಿನವನ್ನು ಫಸಲಿಯಲ್ಲೇ ಹೇಳುತ್ತಿದ್ದ, 590 ಕೂಡಿಸಿ ಈಸವಿ ಮಾಡಿಕೊಳ್ಳುವ ಕೆಲಸ ನಮಗೆ ಬಿಡುತ್ತಿದ್ದ. ಇವೆಲ್ಲದರ ಜೊತೆಗೆ ಮನೆಯ ಮೊಳೆಗೆ ಅವ್ವನ ಪಂಚಾಂಗ ತೂಗುತ್ತಿತ್ತು, ಶಾಲಿವಾಹನ ಶಕೆಯದು. ಏಕಾದಶಿ ಯಾವತ್ತು, ರಂಜಾನಿನ ಚಂದ್ರ ಯಾವತ್ತು ಎಂಬುದನ್ನು ಮನೆಯಾಚೆ ಹುಡುಕಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಒಂದು ಗೋಡೆಯ ಮೇಲಿತ್ತು, ಇನ್ನೊಂದು ಅಪ್ಪನ ಕೈಯಲ್ಲಿತ್ತು.

ನಾವು ಕಲಬುರಗಿ ಕಡೆಯವರು. ಅಪ್ಪ ಓದಿದ್ದು ಉರ್ದು ಮಾಧ್ಯಮದಲ್ಲಿ. ಆಗ ನೌಕರಿ ಬೇಕಾದವರಿಗೆಲ್ಲ ಅದೇ ದಾರಿ. ಕಂದಾಯ ಕಚೇರಿಯಲ್ಲಿ ಗುಮಾಸ್ತನಾಗಿ ಹೈದರಾಬಾದಿಗೆ ಬಂದು ಕಾಚಿಗುಡಾದಲ್ಲಿ ಮನೆ ಹಿಡಿದ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಅವನ ಜೊತೆಯ ಅನೇಕರು ಬೆಂಗಳೂರಿಗೆ ಹೋದರು. ಅಪ್ಪ ಉಳಿದುಕೊಂಡ. ಕಾಚಿಗುಡಾದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿತ್ತು, ಮಕ್ಕಳಿಗೆ ನೃಪತುಂಗ ಶಾಲೆಯಿತ್ತು, ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ತಡವಾಗಿಯಾದರೂ ಬರುತ್ತಿತ್ತು. ಆದರೆ ಬೆಳಗಿನ ಚಹಾದ ಜೊತೆಗೆ ಬೇಕಾದದ್ದು ಉರ್ದು ಪತ್ರಿಕೆಯೇ. ಅಪ್ಪ ಮೊದಲು ತಾನು ಓದಿಕೊಂಡು, ಆಮೇಲೆ ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ನೆಹರೂ ಏನಂದರು, ಚೀನಾ ಏನು ಮಾಡಿತು ಎಂಬುದು ಅವಳಿಗೆ ಬೇಡ. ಅವಳ ಪ್ರಶ್ನೆಗಳೆಲ್ಲ ಒಳಪುಟದವು.

“ಇವತ್ತ ಬೀಬಿ ಕಾ ಅಲಂ ಎಷ್ಟಕ್ಕ ಚಾದರಘಾಟಿಗೆ ಬರ್ತದಂತ್ರೀ?”

“ಸಂಜಿ ಮುಂದ ಬರ್ತದಂತ ಬರದಾರ. ರಸ್ತಾ ಬಂದ್ ಮಾಡ್ತಾರ, ಲಗೂ ಹೊಂಡ್ರಿ.”

ಮೊಹರಮ್ಮಿನ ಹತ್ತನೆಯ ದಿನ ದಬೀರಪುರಾದ ಬೀಬಿ ಕಾ ಅಲಾವಾದಿಂದ ಆನೆಯ ಮೇಲೆ ಅಲಂ ಎಂಬ ಪವಿತ್ರ ಲಾಂಛನ ಹೊರಡುತ್ತದೆ. ಚಾರ್‌ಮಿನಾರ್, ಪುರಾನಿ ಹವೇಲಿ, ದಾರುಲ್‌ಶಿಫಾ ದಾಟಿ ಮೂಸಿಯ ದಂಡೆಗೆ, ಚಾದರಘಾಟಿಗೆ ಬರುತ್ತದೆ. ಕಾಚಿಗುಡಾದಿಂದ ಅಲ್ಲಿಗೆ ನಡೆದೇ ಹೋಗಬಹುದು. ಅವ್ವ ಅದನ್ನು ಮೊಹರಂ ಅನ್ನುತ್ತಿರಲಿಲ್ಲ. ಅವಳ ಊರಿನಲ್ಲಿ ಅದು ಅಲೈ ಹಬ್ಬ. ಊರ ನಡುವೆ ಅಲೈ ಕುಣಿ ತೋಡಿ, ಬೆಂಕಿ ಹಾಕಿ, ಎಲ್ಲ ಜಾತಿಯವರೂ ಸುತ್ತ ಕುಣಿಯುವ ಹಬ್ಬ. ಮನೆಯಲ್ಲಿ ಚೊಂಗೆ ಮಾಡುತ್ತಿದ್ದರು. ಹೈದರಾಬಾದಿನಲ್ಲಿ ಅದು ಎದೆ ಬಡಿದುಕೊಂಡು ಅಳುವ ಮೆರವಣಿಗೆಯಾಗಿತ್ತು, ಶಿಯಾಗಳ ಶೋಕ. ಊರಿನ ಕುಣಿತ ಇಲ್ಲಿ ಸಲ್ಲದು ಎಂಬುದು ಅವ್ವನಿಗೆ ಮೊದಲ ವರ್ಷವೇ ಗೊತ್ತಾಯಿತು. ಆದರೂ ಪ್ರತಿ ವರ್ಷ ಅವಳು ತಲೆ ಮೇಲೆ ಸೆರಗು ಹೊದ್ದು, ನನ್ನ ಕೈ ಹಿಡಿದು, ರಸ್ತೆಯ ಅಂಚಿಗೆ ನಿಂತು, ಆನೆ ಬಂದಾಗ ಕೈ ಮುಗಿಯುತ್ತಿದ್ದಳು. ಪತ್ರಿಕೆಯ ಮೂಲೆಯಲ್ಲಿ ಪೊಲೀಸರು ಕೊಟ್ಟ ನಾಲ್ಕು ಸಾಲಿನ ಮಾರ್ಗಸೂಚಿ ಇಲ್ಲದಿದ್ದರೆ ಈ ಕೈ ಮುಗಿಯುವುದು ನಡೆಯುತ್ತಿರಲಿಲ್ಲ.

ಹಳೆಯ ಪತ್ರಿಕೆಗಳಲ್ಲಿ ಧರ್ಮ ಹೀಗೇ ಇರುತ್ತಿತ್ತು. ಸಣ್ಣ ಅಕ್ಷರದಲ್ಲಿ, ಗಂಟೆ ನಿಮಿಷಗಳ ಲೆಕ್ಕದಲ್ಲಿ. ಐದು ಹೊತ್ತಿನ ನಮಾಜಿನ ವೇಳೆ. ರಂಜಾನಿನಲ್ಲಿ ಸಹರಿ ಯಾವಾಗ ಮುಗಿಯುತ್ತದೆ, ಇಫ್ತಾರ್ ಯಾವಾಗ. ಯಾವ ಮಸೀದಿಯಲ್ಲಿ ಯಾರ ವಾಜ್, ಅಂದರೆ ಪ್ರವಚನ, ಇದೆ, ಎಲ್ಲಿ ಖವ್ವಾಲಿ. ನಾಮಪಲ್ಲಿಯ ಯೂಸುಫೈನ್ ದರ್ಗಾದ ಉರುಸ್ ಯಾವತ್ತು, ಮೌಲಾ ಅಲಿ ಗುಡ್ಡಕ್ಕೆ ಹೋಗುವವರಿಗೆ ಬಸ್ಸಿನ ವ್ಯವಸ್ಥೆ ಏನು. ಅದೇ ಪುಟದಲ್ಲಿ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿಯ ಬೋನಾಲು ಹಬ್ಬ, ಲಾಲ್ ದರ್ವಾಜಾದ ಬೋನಾಲು. ನಮ್ಮ ಕಡೆಯವರು ಕಣ್ಣಿಟ್ಟು ಹುಡುಕುತ್ತಿದ್ದದ್ದು ಕಲಬುರಗಿಯ ಬಂದೇನವಾಜರ ಉರುಸಿನ ಸುದ್ದಿ. ಅದು ಜಿಲ್ಖಾದ್ ತಿಂಗಳ ನಡುವೆ ಬರುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಬಂದಿತ್ತು. ಉರುಸಿಗೆಂದು ರೈಲು ಹತ್ತಿದವರಲ್ಲಿ ಅರ್ಧ ಜನ ತಮ್ಮ ತಮ್ಮ ಊರಿಗೆ ಹೋಗಿ ಹೊಲ ಮನೆ ನೋಡಿಕೊಂಡೇ ಬರುತ್ತಿದ್ದರು. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಹೊರಟವರದೂ ಅದೇ ರೂಢಿ.

ಶುಕ್ರವಾರದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ. ಜುಮ್ಮಾ ನಮಾಜಿಗಾಗಿ ಬಿಟ್ಟ ರಜೆ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಅದು ಲಕ್ಷ್ಮಿಯ ವಾರ. ಮಗ ಮನೆಯಲ್ಲಿರುವ ದಿನವೇ ಪೂಜೆ, ಎಣ್ಣೆ ನೀರು, ಹೋಳಿಗೆ. ರಜೆ ಕೊಟ್ಟವರ ದೇವರು ಬೇರೆ, ಆಚರಿಸಿದವರ ದೇವರು ಬೇರೆ, ಅದರಿಂದ ಯಾರಿಗೂ ಏನೂ ಕಡಿಮೆಯಾಗಲಿಲ್ಲ. 1948ರಲ್ಲಿ ಭಾರತದ ಸೇನೆಯ ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮರ ಆಳ್ವಿಕೆ ಹೋದ ಮೇಲೆ ರಜೆ ಭಾನುವಾರಕ್ಕೆ ಹೋಯಿತು. ಆಗ ಆಯಿ ಬಹಳ ನೊಂದುಕೊಂಡಳಂತೆ. “ಶುಕ್ರವಾರ ಮನ್ಯಾಗ ಗಂಡಸರೇ ಇಲ್ಲ, ಪೂಜಾ ಹ್ಯಾಂಗ ಸಾಗಬೇಕು” ಎಂದು ಕೇಳುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದ. ಒಂದು ರಾಜ್ಯ ಮುಗಿದು ಇನ್ನೊಂದು ಬಂದದ್ದು ಆ ಮುದುಕಿಗೆ ತಟ್ಟಿದ್ದು ಆ ಬಾಗಿಲಿಂದ.

ಈ ಸಣ್ಣ ಅಕ್ಷರದ ಪುಟಗಳನ್ನು ಹೊಗಳುವಾಗ ಕಾಲ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಚೆನ್ನಾಗಿರಲಿಲ್ಲ. ನಿಜಾಮರ ಸರ್ಕಾರದಲ್ಲಿ ಸಾರ್ವಜನಿಕ ಸಭೆ ಮಾಡಲು ಮೊದಲೇ ಅನುಮತಿ ಬೇಕಿತ್ತು. ‘ಗಶ್ತಿ ನಿಶಾನ್ 53’ ಎಂಬ ಸುತ್ತೋಲೆಯ ಹೆಸರು ಅಪ್ಪನ ಪೀಳಿಗೆಗೆ ಬಾಯಿಪಾಠ. 1938–39ರಲ್ಲಿ ಆರ್ಯಸಮಾಜದವರು ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಸತ್ಯಾಗ್ರಹ ಹೂಡಿದಾಗ ಕಲಬುರಗಿಯ ಜೈಲು ತುಂಬಿತ್ತು. ಮಂದುಮುಲ ನರಸಿಂಗರಾಯರ ಉರ್ದು ಪತ್ರಿಕೆ ‘ರಯ್ಯತ್’ನ ಬಾಗಿಲನ್ನು ಸರ್ಕಾರ ಮುಚ್ಚಿಸಿತು. ಆ ‘ರಯ್ಯತ್’ನಲ್ಲಿ ಕೆಲಸ ಮಾಡಿದ ಶೋಯೆಬುಲ್ಲಾ ಖಾನ್ ಎಂಬ ತರುಣ ‘ಇಮ್ರೋಜ್’ ಎಂಬ ದಿನಪತ್ರಿಕೆ ಶುರು ಮಾಡಿದ, ನಮ್ಮ ಕಾಚಿಗುಡಾದಲ್ಲೇ. ಹೈದರಾಬಾದು ಭಾರತಕ್ಕೆ ಸೇರಬೇಕು, ನಿಜಾಮರ ಪರ ನಿಂತ ರಜಾಕಾರರ ಹಾವಳಿ ನಿಲ್ಲಬೇಕು ಎಂದು ಉರ್ದುವಿನಲ್ಲಿ, ಮುಸಲ್ಮಾನನಾಗಿ, ಹೆಸರು ಹಾಕಿ ಬರೆದ. 1948ರ ಆಗಸ್ಟ್ 21ರ ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುವಾಗ ಲಿಂಗಂಪಲ್ಲಿಯ ಹತ್ತಿರ ಅವನ ಮೇಲೆ ಗುಂಡು ಹಾರಿಸಿ ಕೈ ಕಡಿದರು. ಬೆಳಗಾಗುವುದರೊಳಗೆ ತೀರಿಕೊಂಡ. ಇನ್ನೂ ಇಪ್ಪತ್ತೇಳರ ವಯಸ್ಸು. ಆ ರಸ್ತೆಯಲ್ಲಿ ನಾನು ಶಾಲೆಗೆ ಹೋಗಿದ್ದೇನೆ. ಅಪ್ಪ ಆ ಜಾಗ ದಾಟುವಾಗ ಮಾತು ನಿಲ್ಲಿಸುತ್ತಿದ್ದ. ರಜಾಕಾರರ ಕಥೆ ಹೇಳುವ ನಮ್ಮ ಕಡೆಯ ಹಿರಿಯರು ಬೀದರ ಕಡೆಯ ಗೋರ್ಟಾ ಹಳ್ಳಿಯಲ್ಲಿ ಅವರ ಕೈಯಿಂದಾದ ಸಾವುಗಳನ್ನು ನೆನೆಯುತ್ತಾರೆ, ನೆನೆಯಲೇಬೇಕು. ಶೋಯೆಬುಲ್ಲಾ ಖಾನನ ಹೆಸರನ್ನು ಅಷ್ಟೇ ಗಟ್ಟಿಯಾಗಿ ಹೇಳುವವರು ಕಡಿಮೆ. ಇದು ನನಗೆ ಬಹಳ ನೋವಿನ ಸಂಗತಿ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ಎಲ್ಲ ಮುಗಿಯಿತು. ಮುಗಿದ ಮೇಲೆ ಮುಸಲ್ಮಾನರ ಮೇಲೆ ಹಳ್ಳಿಗಳಲ್ಲಿ ನಡೆದ ಹಿಂಸೆಯನ್ನು ನೋಡಲು ಸುಂದರಲಾಲ್ ಸಮಿತಿ ಬಂತು. ಅದು ಅತಿ ಹೆಚ್ಚು ಪೆಟ್ಟು ತಿಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ, ಕಲಬುರಗಿ ಮತ್ತು ಬೀದರ. ಆ ವರದಿ ದಶಕಗಟ್ಟಲೆ ಕಪಾಟಿನಲ್ಲಿತ್ತು. ಹೈದರಾಬಾದಿನಲ್ಲಿ ಕಚೇರಿಗಳಿಂದ ಎಷ್ಟೋ ಜನ ನೌಕರಿ ಕಳೆದುಕೊಂಡರು, ಎಷ್ಟೋ ಮನೆ ಕರಾಚಿಗೆ ಹೋದವು. ಅಂಥ ಹೊತ್ತಿನಲ್ಲಿ ಆಬಿದ್ ಅಲಿ ಖಾನ್ ಮತ್ತು ಮಹಬೂಬ್ ಹುಸೇನ್ ಜಿಗರ್ ಸೇರಿ 1949ರ ಆಗಸ್ಟ್ 15ರಂದು ‘ಸಿಯಾಸತ್’ ಶುರು ಮಾಡಿದರು. ಭಾರತದೊಳಗೆ ಹೈದರಾಬಾದು ಕಂಡ ಮೊದಲ ಸ್ವಾತಂತ್ರ್ಯ ದಿನ ಅದು. ಆ ದಿನವನ್ನೇ ಆರಿಸಿಕೊಂಡದ್ದರಲ್ಲಿ ಒಂದು ಮಾತಿತ್ತು, ಅಪ್ಪನಂಥವರು ಆ ಮಾತನ್ನು ಕೇಳಿಸಿಕೊಂಡರು. ಅವತ್ತಿನಿಂದ ನಮ್ಮ ಮನೆಗೆ ಬಂದದ್ದು ಆ ಪತ್ರಿಕೆ. 1962ರಿಂದ ಅದರಲ್ಲಿ ‘ಶೀಶಾ ಓ ತೇಶಾ’ ಅಂಕಣ ಬರೆಯತೊಡಗಿದ ಮುಜ್ತಬಾ ಹುಸೇನ್ ಹುಟ್ಟಿದ್ದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. ಉರ್ದು ಜಗತ್ತಿನ ದೊಡ್ಡ ಹಾಸ್ಯಲೇಖಕ. ಅಪ್ಪ ಓದಿ ಓದಿ ನಗುತ್ತಿದ್ದ. “ನಮ್ಮ ಚಿಂಚೋಳಿಯಂವ ಬರದಾನ ನೋಡು” ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆರಳಿಟ್ಟು ಓದಿಸುತ್ತಿದ್ದ. ನಾನು ಉರ್ದು ಅಕ್ಷರ ಕಲಿತದ್ದು ಹೀಗೆ, ಕಾತಿಬರು ಕೈಯಿಂದ ಬರೆದ ಆ ಓರೆ ಸಾಲುಗಳಲ್ಲಿ. ಆಗ ಉರ್ದು ಪತ್ರಿಕೆಗೆ ಅಚ್ಚಿನ ಮೊಳೆ ಇರಲಿಲ್ಲ. ಇಡೀ ಪುಟವನ್ನು ಕಾತಿಬರೇ ಬರೆದು, ಅದನ್ನು ಅಚ್ಚಿಗೆ ಇಳಿಸುತ್ತಿದ್ದರು. ಬೆಳಗಿನ ಪತ್ರಿಕೆಯೆಂದರೆ ರಾತ್ರಿಯೆಲ್ಲ ಯಾರೋ ಕೂತು ನಮಗೆ ಬರೆದ ಕಾಗದ.

ಹಾಗಾಗಿ ಓದಿದ ಪತ್ರಿಕೆಯನ್ನು ಏನು ಮಾಡಬೇಕು ಎಂಬುದು ನಮ್ಮ ಓಣಿಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದರು, ನಾವೆಲ್ಲ ಅವರನ್ನು ಖಾಲಾಮ್ಮ ಅನ್ನುತ್ತಿದ್ದೆವು. ಅವ್ವ ಒಮ್ಮೆ ಡಬ್ಬಿಯ ಕೆಳಗೆ ಹಾಸಲು ಹಳೆಯ ಪತ್ರಿಕೆ ಮಡಚುತ್ತಿದ್ದಾಗ ಖಾಲಾಮ್ಮ ಕೈ ಹಿಡಿದರು. “ಏ ಕಾಗಜ್ ಮೇರೆ ಕು ದೇ ದೇವ್ ಬಹೆನ್, ಉಸ್ಪೆ ಅಲ್ಲಾ ಕಾ ನಾಮ್ ಹೈ.” ಈ ಕಾಗದ ನನಗೆ ಕೊಡು ತಂಗಿ, ಅದರ ಮೇಲೆ ಅಲ್ಲಾಹನ ಹೆಸರಿದೆ ಅಂದರು. ಅಂದಿನಿಂದ ಶುಕ್ರವಾರದ ಧಾರ್ಮಿಕ ಪುಟ ರದ್ದಿಗೆ ಹೋಗಲಿಲ್ಲ. ಅವ್ವ ಅದನ್ನು ಬಿಡಿಸಿ, ಒಂದು ಬಟ್ಟೆಯ ಚೀಲದಲ್ಲಿ ಎತ್ತಿಡುತ್ತಿದ್ದಳು. ಚೀಲ ತುಂಬಿದಾಗ ಖಾಲಾಮ್ಮನ ಮಗ ಮಸೀದಿಗೆ ಒಯ್ಯುತ್ತಿದ್ದ. ಅಲ್ಲಿ ಅಂಥ ಕಾಗದಗಳನ್ನೆಲ್ಲ ಕೂಡಿಸಿ, ಯಾರೂ ತುಳಿಯದ ಕಡೆ ಹೂಳುತ್ತಿದ್ದರು. ಅವ್ವ ಬಹಳ ಬೇಗ ಈ ವಿದ್ಯೆಯನ್ನು ತನ್ನ ದೇವರಿಗೂ ಹಿಗ್ಗಿಸಿದಳು. ಚೌತಿಗೆ ಪತ್ರಿಕೆಯಲ್ಲಿ ಗಣಪತಿಯ ಚಿತ್ರ ಬಂದರೆ, ದೀಪಾವಳಿಗೆ ಲಕ್ಷ್ಮಿ ಬಂದರೆ, ಹುಮನಾಬಾದಿನ ಮಾಣಿಕಪ್ರಭುಗಳ ಉತ್ಸವದ ಚಿತ್ರ ಬಂದರೆ ಕತ್ತರಿಸಿ ಒಂದು ಪುಸ್ತಕದೊಳಗೆ ಇಡುತ್ತಿದ್ದಳು. ಉಳಿದ ಪುಟ ಮಾತ್ರ ಡಬ್ಬಿಗೆ, ರದ್ದಿಯವನಿಗೆ. ಓದಲು ಬಾರದ ಲಿಪಿಯ ಕಾಗದಕ್ಕೆ ಕಾಲು ತಗಲಿದರೂ ನಾವು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಕಾಗದದಲ್ಲಿ ಸರಸ್ವತಿ ಇದ್ದಾಳೆ ಅನ್ನುವ ಮನೆ, ಕಾಗದದಲ್ಲಿ ಅಲ್ಲಾಹನ ಹೆಸರಿದೆ ಅನ್ನುವ ಮನೆ, ನಡುವೆ ಒಂದು ಗೋಡೆ. ಇವೆರಡೂ ಮನೆಗಳಿಗೆ ಪರಸ್ಪರ ಗೌರವವನ್ನು ಯಾರೂ ಭಾಷಣ ಮಾಡಿ ಕಲಿಸಲಿಲ್ಲ.

ಒಳಪುಟದಲ್ಲಿ ಅಪ್ಪ ಬಿಡದೆ ಓದುತ್ತಿದ್ದ ಅಂಕಣ ಇಂತೆಖಾಲ್, ಸಾವಿನ ಸುದ್ದಿ. ಹೈದರಾಬಾದಿನ ಉರ್ದು ಪತ್ರಿಕೆಗಳಲ್ಲಿ ಅದು ಇವತ್ತಿಗೂ ಇದೆ. ಇಂಥವರು ತೀರಿಕೊಂಡರು, ಇಂಥ ಮಸೀದಿಯಲ್ಲಿ ಜೊಹರ್ ನಮಾಜಿನ ನಂತರ ಜನಾಜಾ ನಮಾಜು, ಇಂಥಲ್ಲಿ ದಫನ್, ಮೂರನೆಯ ದಿನ ಜಿಯಾರತ್. ನಾಲ್ಕೈದು ಸಾಲು. ಕಚೇರಿಯ ಗೆಳೆಯನ ಹೆಸರು ಕಂಡರೆ ಅಪ್ಪ ಪತ್ರಿಕೆ ಅಲ್ಲೇ ಇಟ್ಟು ಎದ್ದುಬಿಡುತ್ತಿದ್ದ. ಕಪ್ಪು ಟೊಪ್ಪಿಗೆ ತಲೆಗಿಟ್ಟು, ಮಸೀದಿಯ ಹೊರಗೆ ನಮಾಜು ಮುಗಿಯುವವರೆಗೆ ನಿಂತು, ಹೆಗಲು ಕೊಟ್ಟು, ಹಿಡಿ ಮಣ್ಣು ಹಾಕಿ ಬರುತ್ತಿದ್ದ. ಹಿತ್ತಲ ಬಾಗಿಲಲ್ಲಿ ಅವ್ವ ಬಿಸಿನೀರು, ಒಗೆದ ಧೋತರ ಇಟ್ಟಿರುತ್ತಿದ್ದಳು. ಸ್ನಾನವಾಗದೆ ಒಳಗೆ ಬರುವಂತಿಲ್ಲ. ಆ ಮಡಿಯನ್ನು ಅವಳೂ ಬಿಡಲಿಲ್ಲ, ಆ ಹೆಗಲನ್ನು ಅವನೂ ಬಿಡಲಿಲ್ಲ. ಈಗಿನವರು ಇವೆರಡರಲ್ಲಿ ಒಂದನ್ನು ಬಿಡಲೇಬೇಕು ಅನ್ನುತ್ತಾರೆ. ಅವರಿಬ್ಬರಿಗೆ ಹಾಗೆ ಅನ್ನಿಸಿರಲಿಲ್ಲ, ಅವರ ತಿಳಿವಳಿಕೆ ನಮ್ಮದಕ್ಕಿಂತ ದೊಡ್ಡದೆಂದು ನಾನು ನಂಬಿದ್ದೇನೆ.

ಎಂಬತ್ತರ ದಶಕದಲ್ಲಿ ಅಪ್ಪ ತೀರಿಕೊಂಡ. ನಾವು ಊರಿಗೆ ತಂತಿ ಕಳಿಸುವ ಗದ್ದಲದಲ್ಲಿದ್ದೆವು. ಖಾಲಾಮ್ಮನ ಮಗ ಯಾರನ್ನೂ ಕೇಳದೆ ಹೋಗಿ ಪತ್ರಿಕೆಗೆ ಸುದ್ದಿ ಕೊಟ್ಟು ಬಂದಿದ್ದ. ಮರುದಿನ ಇಂತೆಖಾಲ್ ಅಂಕಣದಲ್ಲಿ ಅಪ್ಪನ ಹೆಸರು, ಕಂದಾಯ ಇಲಾಖೆಯ ನಿವೃತ್ತರು ಎಂಬ ಮಾತು, ಮನೆಯ ಗುರುತು, ಹದಿಮೂರನೆಯ ದಿನದ ತಾರೀಖು. ಹದಿಮೂರನೆಯ ದಿನ ಪುರಾನಿ ಹವೇಲಿಯಿಂದ, ಮಲಕ್‌ಪೇಟೆಯಿಂದ, ಮೆಹದಿಪಟ್ಟಣದಿಂದ ಶೇರ್ವಾನಿ ತೊಟ್ಟ ಮುದುಕರು ಬಂದರು. ನಾವು ಕೆಲವರ ಹೆಸರು ಕೇಳಿದ್ದೆವು, ಮುಖ ನೋಡಿರಲಿಲ್ಲ. ಅವರಲ್ಲೊಬ್ಬರು ಜೇಬಿನಿಂದ ಒಂದು ದಪ್ಪ ಲಕೋಟೆ ತೆಗೆದರು. ಒಳಗೆ ಇಂತೆಖಾಲ್ ತುಣುಕುಗಳು, ತೀರಿಹೋದ ಕಚೇರಿಯ ಗೆಳೆಯರವು, ಅಂಚು ಸಮನಾಗಿ ಕತ್ತರಿಸಿದವು. ಅದರಲ್ಲಿ ಮುಸಲ್ಮಾನರಿದ್ದರು, ಕಾಯಸ್ಥರಿದ್ದರು, ಮರಾಠಿ ಬ್ರಾಹ್ಮಣರಿದ್ದರು, ನಮ್ಮ ಬೀದರಿನ ಲಿಂಗಾಯತರೊಬ್ಬರಿದ್ದರು. ಒಂದೊಂದನ್ನೂ ಅವ್ವನ ಮುಂದೆ ಚಾಪೆಯ ಮೇಲೆ ಇಟ್ಟು, ಇವರು ಯಾರು, ಯಾವ ಸೆಕ್ಷನ್ನಿನಲ್ಲಿದ್ದರು, ಏನು ಚೇಷ್ಟೆ ಮಾಡುತ್ತಿದ್ದರು ಎಂದು ಹೇಳಿದರು. ಅವ್ವನಿಗೆ ಉರ್ದು ಓದಲು ಬಾರದು, ಕೇಳಿ ಅರ್ಥಮಾಡಿಕೊಳ್ಳುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆ ಹೊತ್ತಿಗೆ.

1990ರ ಡಿಸೆಂಬರ್‌ನಲ್ಲಿ ಹಳೇ ನಗರ ಉರಿಯಿತು. ಅದಕ್ಕೆ ಮುಂಚೆಯೂ ಗಲಭೆಗಳಾಗಿದ್ದವು, ಆದರೆ ಅಷ್ಟು ಸಾವು ನಾವು ಕಂಡಿರಲಿಲ್ಲ. ಆ ವಾರಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ನಮಾಜಿನ ವೇಳೆಯ ಹತ್ತಿರವೇ ಇನ್ನೊಂದು ವೇಳಾಪಟ್ಟಿ ಬರತೊಡಗಿತು. ಯಾವ ಪೊಲೀಸ್ ಠಾಣೆಯ ಸರಹದ್ದಿನಲ್ಲಿ ಕರ್ಫ್ಯೂ ಎಷ್ಟು ಹೊತ್ತು ಸಡಿಲ, ಹೆಂಗಸರಿಗೆ ಹಾಲು ತರಲು ಎಷ್ಟು ಹೊತ್ತು. ಅದೇ ಸಮಯದಲ್ಲಿ ಮುಖಪುಟಗಳಲ್ಲಿ ದಪ್ಪ ಅಕ್ಷರದಲ್ಲಿ ಬಂದ ಕೆಲವು ಸುದ್ದಿಗಳು ಸುಳ್ಳಾಗಿದ್ದವು. ನಾನು ಓದಬಲ್ಲ ಎಲ್ಲ ಭಾಷೆಗಳ ಪತ್ರಿಕೆಗಳನ್ನೂ ತರಿಸಿ ಒಂದರ ಪಕ್ಕ ಒಂದಿಟ್ಟು ನೋಡಿದೆ. ಒಂದೇ ರಸ್ತೆಯ ಒಂದೇ ರಾತ್ರಿಯನ್ನು ಅವು ಬೇರೆ ಬೇರೆ ಊರುಗಳ ಹಾಗೆ ಬರೆದಿದ್ದವು. ಎಲ್ಲದರಲ್ಲೂ ಒಂದೇ ರೀತಿ, ತಪ್ಪಿಲ್ಲದೆ ಅಚ್ಚಾಗಿದ್ದದ್ದು ಆ ಸಡಿಲಿಕೆಯ ಪಟ್ಟಿ. ಖಾಲಾಮ್ಮನ ಸೊಸೆ ಮತ್ತು ನಾನು ಅದನ್ನು ನೋಡಿಕೊಂಡು ಒಟ್ಟಿಗೆ ಹೊರಟು, ಒಟ್ಟಿಗೆ ಹಾಲು ತಂದೆವು. ಧರ್ಮ ಮುಖಪುಟಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ನಾನು ಆ ದಿನಗಳಲ್ಲಿ ಕಂಡೆ.

ಈಗ ಧರ್ಮ ಮುಖಪುಟದಲ್ಲೇ ನೆಲೆಯಾಗಿದೆ. ಉದಾಹರಣೆಗೆ, ಹೈದರಾಬಾದಿನ ಅಂಚಿನ ಬಾಲಾಪುರದ ಗಣಪನ ಲಡ್ಡು 1994ರಲ್ಲಿ ಮೊದಲ ಸಲ ಹರಾಜಾದಾಗ 450 ರೂಪಾಯಿಗೆ ಹೋಗಿತ್ತು. 2024ರಲ್ಲಿ 30 ಲಕ್ಷ ದಾಟಿತು. ಆ ಹಣ ಊರಿನ ಕೆಲಸಕ್ಕೆ ಹೋಗುತ್ತದೆ, ಭಕ್ತರಿಗೆ ಸಂತೋಷ, ನನಗೂ ಸಂತೋಷ. ಆದರೆ ಹುಸೇನ್ ಸಾಗರದಲ್ಲಿ ಗಣಪತಿ ಬಿಡುವ ದಿನ ನಮ್ಮ ಓಣಿಯ ಹುಡುಗರಿಗೆ ಬೇಕಾದ ಬಸ್ಸಿನ ಮಾರ್ಗ ಹುಡುಕಿದರೆ ಪತ್ರಿಕೆಯಲ್ಲಿ ಎಲ್ಲೋ ಮೂಲೆಗೆ ಹೋಗಿರುತ್ತದೆ.

ನಿವೃತ್ತಿಯಾದ ಮೇಲೆ ನಾನು ಹಳೆಯ ಸಂಚಿಕೆಗಳನ್ನು ಓದಲು ಅಫ್ಜಲ್‌ಗಂಜಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗತೊಡಗಿದೆ. 1891ರ ಆಸಫಿಯಾ ಗ್ರಂಥಾಲಯವೇ ಅದು, ಮೂಸಿಯ ದಂಡೆಯ ಈ ಕಟ್ಟಡಕ್ಕೆ ಬಂದದ್ದು 1936ರಲ್ಲಿ. ನಮ್ಮ ಮನೆಗೆ ಇನ್ನೂ ಹತ್ತಿರ ಬಾಗ್ ಲಿಂಗಂಪಲ್ಲಿಯ ಸುಂದರಯ್ಯ ವಿಜ್ಞಾನ ಕೇಂದ್ರ. ಅಬ್ದುಸ್ ಸಮದ್ ಖಾನ್ ಎಂಬುವರು ಒಬ್ಬರೇ ಕೂಡಿಸಿದ ಉರ್ದು ಪುಸ್ತಕ, ಪತ್ರಿಕೆಗಳ ದೊಡ್ಡ ಭಂಡಾರ ಅಲ್ಲಿದೆ. 2000ದ ಆಗಸ್ಟ್ ನೆರೆಯಲ್ಲಿ ಅದು ನೀರು ಕುಡಿಯಿತು. ಒಣಗಿಸಿ, ಬಿಡಿಸಿ, ಉಳಿಸಿಕೊಂಡವರಿಗೆ ನಮ್ಮ ಜಿಲ್ಲೆಗಳೂ ಋಣಿ. ಹಳೆಯ ಸಂಪುಟದ ಪುಟ ತಿರುವುವಾಗ ಅಂಚು ಪುಡಿಯಾಗಿ ಮಡಿಲಿಗೆ ಉದುರುತ್ತದೆ. ಎರಡೂ ಅಂಗೈ ಅಡಿಗೆ ಕೊಟ್ಟು, ಕೂಸನ್ನು ಮಗ್ಗುಲು ಬದಲಿಸುವ ಹಾಗೆ ತಿರುಗಿಸಬೇಕು. ಜಾಹೀರಾತುಗಳಲ್ಲಿ ಬೆಲೆ ನಿಜಾಮರ ಹಾಲಿ ಸಿಕ್ಕಾದಲ್ಲಿ ಒಂದು, ಬ್ರಿಟಿಷರ ಕಲ್ದಾರ್‌ನಲ್ಲಿ ಒಂದು. ಏಳು ಹಾಲಿಗೆ ಆರು ಕಲ್ದಾರ್. ಅತ್ತರು, ಟೊಪ್ಪಿಗೆ, ಮದುವೆಯ ಜರಿ, ಜ್ವರದ ಔಷಧಿ. ಅವುಗಳ ನಡುವೆ ಆಗಾಗ ಕಲಬುರಗಿ, ರಾಯಚೂರು, ಬೀದರ, ಯಾದಗಿರಿ ಎಂಬ ಹೆಸರು ಉರ್ದು ಅಕ್ಷರದಲ್ಲಿ ಕಂಡು ಕೈ ನಿಲ್ಲುತ್ತದೆ. ಸಂತೆಯ ಸುದ್ದಿ, ಉರುಸಿನ ಸುದ್ದಿ, ಜಾತ್ರೆಗೆ ಅನುಮತಿ ಕೊಟ್ಟ ಸುದ್ದಿ, ತಹಶೀಲ್ದಾರರ ವರ್ಗ.

ಕಲ್ಯಾಣ ಕರ್ನಾಟಕದ 1948ರವರೆಗಿನ ದಿನನಿತ್ಯದ ಬದುಕು ಬಹುಪಾಲು ಇಲ್ಲಿ, ಈ ಲಿಪಿಯಲ್ಲಿ ಇದೆ. ಕನ್ನಡದಲ್ಲಿ ನಮ್ಮ ಚರಿತ್ರೆ ಬರೆಯುವವರಲ್ಲಿ ಇದನ್ನು ಓದಬಲ್ಲವರು ಬೆರಳೆಣಿಕೆ. ಅಪ್ಪನ ಪೀಳಿಗೆ ಹೋಯಿತು. ಆ ಶಾಲೆಗಳಲ್ಲಿ ಕಲಿತು ಗಜಲನ್ನು ಕನ್ನಡಕ್ಕೆ ತಂದ ಶಾಂತರಸರಂಥವರೂ ಹೋದರು. ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ ಇದೆ, ಉರ್ದು ವಿಭಾಗವೂ ಇದೆ. ಎರಡೂ ಕಡೆಯಿಂದ ನಾಲ್ಕು ಜನ ಹುಡುಗ ಹುಡುಗಿಯರನ್ನು ಜೋಡಿ ಮಾಡಿ ಹೈದರಾಬಾದಿಗೆ ಕಳಿಸಲಿ. ಒಬ್ಬರು ಓದಲಿ, ಒಬ್ಬರು ಕನ್ನಡದಲ್ಲಿ ಬರೆದುಕೊಳ್ಳಲಿ. ರಾಜಕೀಯದ ಸುದ್ದಿಯನ್ನು ಇತಿಹಾಸಕಾರರು ಹೇಗೂ ಹುಡುಕುತ್ತಾರೆ. ಇವರು ಒಳಪುಟದಿಂದ ಶುರು ಮಾಡಲಿ, ನಮ್ಮ ಜಿಲ್ಲೆಗಳ ಜಾತ್ರೆ, ಉರುಸು, ಮಳೆ, ಬೆಲೆ, ಸಾವುಗಳಿಂದ. ನಾಲ್ಕು ಜನಕ್ಕೆ ಇಳಿದುಕೊಳ್ಳಲು ನಮ್ಮ ಮನೆಯಲ್ಲಿ ಜಾಗವಿದೆ.